ಬೀಗ ಹಾಕಿದ ಸೋಮವಾರ

ತಿ. ನರಸೀಪುರ
೧೬ ಜುಲೈ ೨೦೨೫, ಬುಧವಾರ

ಮಗಳು ಗೌತಮಿಗೆ, ನಿನ್ನ ಗೌರತ್ತೆಯ ಆಶೀರ್ವಾದಗಳು.

ಹದಿನೈದು ದಿನದ ಹಿಂದೆಯೇ ಬರೆಯಬೇಕಾಗಿತ್ತು, ಕೋಪ ಮಾಡಿಕೊಳ್ಳಬೇಡ. ‘ಕಲಬುರ್ಗಿ ಆಸ್ಪತ್ರೆ ಕೆಲ್ಸದಲ್ಲಿ ಒಬ್ಳೇ ಅವ್ಳೆ, ಗಾಬ್ರಿ ಮಾಡಬ್ಯಾಡಕ್ಕ’ ಎಂದು ನಿಮ್ಮವ್ವ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಫೋನು ಮಾಡೋಣವೆಂದರೆ ನಮ್ಮ ಮನೆಯಲ್ಲಿ ಈಗ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಅದಕ್ಕೇ ಊರಿಂದ ನರಸೀಪುರಕ್ಕೆ ಬಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಿಮ್ಮವ್ವ ಮಾದಮ್ಮನ ಜೀವಕ್ಕೇನೂ ತೊಂದರೆಯಿಲ್ಲ. ಆದರೆ ಬಚ್ಚಲಲ್ಲಿ ಜಾರಿ ಕೈ ಮುರಿಯಿತು ಎಂದು ಅವಳು ನಿನಗೆ ಹೇಳಿದ್ದು ಸುಳ್ಳು.

ನಮ್ಮೂರ ಸಮುದಾಯ ಭವನದಲ್ಲಿ ಹೆಂಗಸರು ಸೋಮವಾರ ಸಂಜೆ ಪ್ರಾರ್ಥನೆಗೆ ಕೂರುವುದನ್ನು ನಾನೇ ಶುರುಮಾಡಿದ್ದು. ಹನ್ನೊಂದು ವರ್ಷ ನಮ್ಮ ಬೀದಿಯವರು ಮಾತ್ರ ಕೂತೆವು. ಅದು ತಪ್ಪೆಂದು ಹೊಳೆಯಲು ನನಗೆ ಅಷ್ಟು ಕಾಲ ಹಿಡಿಯಿತು. ಈ ಬೇಸಿಗೆಯಲ್ಲಿ ನಿಮ್ಮವ್ವನನ್ನು ಕರೆದೆ. ‘ಬತ್ತೀನಿ ಕಣಕ್ಕ. ಆದ್ರೆ ಇಬೂತಿ ಇಕ್ಕಳಲ್ಲ. ನೀವು ವಚನ ಯೋಳಿ, ನಾನು ಬುದ್ಧವಂದನೆ ಯೋಳ್ತೀನಿ’ ಅಂದಳು. ಮೂರು ಸೋಮವಾರ ಹಾಗೇ ನಡೆಯಿತು. ಅವಳು ಕಣ್ಣು ಮುಚ್ಚಿ ಹೇಳುವಾಗ ಯಾರೂ ಪಿಸುಗುಟ್ಟುತ್ತಿರಲಿಲ್ಲ.

ಆಮೇಲೆ ಭವನದ ಕಮಿಟಿಯ ರಾಚಯ್ಯ ಮನೆಗೆ ಬಂದ. ‘ಗೌರಕ್ಕ, ದ್ಯಾವ್ರೆಸ್ರು ಯೋಳ್ಕಳಿ, ಬ್ಯಾಡ ಅಂದೋರ್ಯಾರು? ಅವ್ರುನ್ನ ಮಾತ್ರ ಒಳಿಕ್ಕೆ ಸೇರಿಸ್ಬ್ಯಾಡಿ.’

‘ನನ್ ಕೊಳ್ಳಲ್ಲಿರೋ ಲಿಂಗ ಅವಳನ್ನ ನೋಡಿ ಎದ್ದೋಗಿಲ್ಲ ಕಣ್ ರಾಚಯ್ಯ. ನಿಂಗ್ಯಾಕಪ್ಪ ಸಂಕ್ಟ?’ ಅಂದೆ.

ಅವನು ನಕ್ಕ. ‘ಸರಿ ಬುಡಿ’ ಎಂದು ಹೊರಟುಹೋದ.

ಮುಂದಿನ ಸೋಮವಾರ ಭವನಕ್ಕೆ ಬೀಗ. ಮೆಟ್ಟಿಲ ಮೇಲೆ ಕೂತು ಪ್ರಾರ್ಥನೆ ಮಾಡಿದೆವು. ಬರುತ್ತಿದ್ದ ಹದಿನೆಂಟು ಜನರಲ್ಲಿ ಉಳಿದವರು ಏಳು. ಆ ಏಳು ಮನೆಯ ರಾಗಿಯನ್ನು ಮಿಲ್ಲಿನವನು ‘ಕರೆಂಟಿಲ್ಲ’ ಎಂದು ವಾಪಸು ಕಳಿಸಿದ. ಒಳಗೆ ಮಿಷನ್ನು ಓಡುತ್ತಿದ್ದದ್ದು ಬೀದಿಗೆಲ್ಲ ಕೇಳಿಸುತ್ತಿತ್ತು.

ಸರ್ಕಾರದ ಹಣದಲ್ಲಿ ಕಟ್ಟಿದ ಭವನ ಎಲ್ಲರಿಗೂ ಸೇರಿದ್ದೆಂದು ನಿಮ್ಮವ್ವ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಳು. ಅಲ್ಲಿಂದ ಸಂಜೆ ಬಸ್ಸಿಗೆ ವಾಪಸು ಬಂದವಳು, ಸ್ಟಾಪಿನ ಬಳಿ ಹುಡುಗರು ಗುಂಪುಗಟ್ಟುತ್ತಾರೆಂದು ಒಂದು ಸ್ಟಾಪು ಮೊದಲೇ ಇಳಿದು ನಾಲೆ ಏರಿಯ ಮೇಲೆ ನಡೆದಿದ್ದಾಳೆ. ಹೆಲ್ಮೆಟ್ ಹಾಕಿದ ಇಬ್ಬರು ಬೈಕಿನಲ್ಲಿ ಬಂದು ಕಲ್ಲಿನ ಮೇಲಕ್ಕೆ ತಳ್ಳಿ, ಕೈಚೀಲವನ್ನು ನೀರಿಗೆಸೆದು ಹೋದರು. ನಾನು ನಂಜನಗೂಡಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದೆ. ಪೊಲೀಸರು ದೂರಿನಲ್ಲಿ ‘ಅಪರಿಚಿತರು’ ಎಂದು ಬರೆದುಕೊಂಡಿದ್ದಾರೆ.

ಮೊನ್ನೆ ಸೋಮವಾರ ಅವಳು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡೇ ಬಂದಳು. ಮೆಟ್ಟಿಲ ಮೇಲೆ ನಾವಿಬ್ಬರೇ. ಎದುರಿಗೆ ನಾಲ್ಕು ಬೈಕು ನಿಂತಿದ್ದವು. ಪ್ರಾರ್ಥನೆ ಮುಗಿದ ಮೇಲೆ ರಾಚಯ್ಯ ಹತ್ತಿರ ಬಂದು, ‘ಗೌತಮಿ ಯಾವತ್ತು ಬತ್ತಾಳೆ ಗೌರಕ್ಕ? ಯಾವ ಬಸ್ಸು?’ ಎಂದು ಮೆತ್ತಗೆ ಕೇಳಿದ. ನೀನು ಬರುವ ವಿಷಯವನ್ನು ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ಬಂದರೆ ಒಬ್ಬಳೇ ಬರಬೇಡ. ಮೈಸೂರಿನಲ್ಲೇ ಇಳಿದು ನನಗೆ ತಿಳಿಸು, ನಾನೇ ಬರುತ್ತೇನೆ.

ಊಟ ಬಿಡಬೇಡ. ನಿನ್ನ ಬುದ್ಧ, ನನ್ನ ಶಿವ ಇಬ್ಬರೂ ನಿನ್ನನ್ನು ಕಾಯಲಿ.

ನಿನ್ನ ಗೌರತ್ತೆ,
ಪುಟ್ಟಗೌರಮ್ಮ

ಮರೆತಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅವತ್ತು ನಾಲೆ ಏರಿಯ ಮೇಲೆ ಬರುತ್ತೇನೆಂದು ನಿಮ್ಮವ್ವ ಹೇಳಿದ್ದು ನನ್ನೊಬ್ಬಳಿಗೆ, ನಮ್ಮ ಅಡುಗೆಮನೆಯಲ್ಲಿ. ನನ್ನ ಮಗ ಶಿವಸ್ವಾಮಿ ಪಕ್ಕದಲ್ಲೇ ಉಣ್ಣುತ್ತಿದ್ದ. ಇವತ್ತು ಬೆಳಿಗ್ಗೆ ಹಿಡಿದು ಕೇಳಿದೆ. ‘ಸುಮ್ನೆ ಎದರಿಸ್ತೀವಿ ಅಂದ್ರು ಕಣವ್ವ, ಕೈ ಮುರೀತಾರೆ ಅಂತ ನಂಗೇನ್ ಗೊತ್ತು’ ಎಂದು ಅತ್ತ. ಎರಡು ಹೆಸರು ಹೇಳಿದ. ಕಾಗದ ಡಬ್ಬಿಗೆ ಹಾಕಿ ಠಾಣೆಗೆ ಹೋಗುತ್ತಿದ್ದೇನೆ, ಅವನದೂ ಸೇರಿಸಿ ಮೂರು ಹೆಸರು ಬರೆಸುತ್ತೇನೆ. ಮಾದಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಅವಳ ಕೈ ವಾಸಿಯಾಗುವವರೆಗೆಂದು ನಾನು ದಿನವೂ ಕಟ್ಟುವ ಬುತ್ತಿಯನ್ನು ಅವಳಿಗೆ ತಲುಪಿಸುತ್ತಿರುವವನು ಅವನೇ.