ತಾರಸಿಯ ಬೀಗದ ಕೈ

ಮನೆ ಯಜಮಾನರಿಗೆ,

ಮೇಲಿನ ಮನೆಯ ಟೈಲರಮ್ಮನ ನಮಸ್ಕಾರ. ಗಾಬರಿಯಾಗಬೇಡಿ, ನಲ್ಲಿ ಸೋರುವ ವಿಷಯವಲ್ಲ.

ನೀವು ಗೇಟಿನಿಂದ ನೋಡಿ ನಕ್ಕರೂ ನನ್ನ ಮಗಳು ತಿರುಗಿ ನಗುವುದಿಲ್ಲ, ಸೊಕ್ಕು ಜಾಸ್ತಿ ಎಂದು ಹೇಳಿದ್ದಿರಿ. ನಾನೂ ಅವಳನ್ನು ಬೈದೆ. ಮೊನ್ನೆ ಟೀಚರ್ ಕರೆದು, ಇವಳಿಗೆ ಬೋರ್ಡೇ ಕಾಣುತ್ತಿಲ್ಲ ಎಂದರು. ಹೊಲಿಗೆ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ.

"ಭಯಪಡೋಂಥದ್ದೇನಿಲ್ಲಮ್ಮ, ದೂರದ್ದು ಮಸುಕಾಗಿದೆ ಅಷ್ಟೇ. ಕನ್ನಡಕ ಹಾಕ್ಲಿ. ಇನ್ನೂ ಹೆಚ್ಚಾಗ್ಬಾರ್ದು ಅಂದ್ರೆ ಫೋನ್ ಕಡಿಮೆ ಮಾಡಿ, ಬೆಳಕಿರೋವಾಗ ಹೊರಗೆ ಆಡೋಕೆ ಬಿಡಿ," ಎಂದರು. ಹೋದ ಜೀವ ಬಂದಂತಾಯಿತು.

ಅವಳು ಓಡಾಡಿದರೆ ನಿಮ್ಮ ತಲೆಯ ಮೇಲೆ ಕುದುರೆ ಓಡಿದಂತಾಗುತ್ತದೆ ಎಂದಿರಲ್ಲ, ಅಂದಿನಿಂದ ಶಾಲೆ ಬಿಟ್ಟು ಬಂದವಳನ್ನು ಫೋನ್ ಕೊಟ್ಟು ಮಂಚದ ಮೇಲೆ ಕೂರಿಸುತ್ತಿದ್ದೆ. ಇನ್ನು ಕೂರಿಸುವುದಿಲ್ಲ. ರಸ್ತೆಗೆ ಬಿಡೋಣವೆಂದರೆ ಲಾರಿಗಳ ಕಾಟ. ಆದ್ದರಿಂದ ಸಂಜೆ ಹೊತ್ತು ತಾರಸಿಯ ಬೀಗದ ಕೈ ಕೊಡಬೇಕು. ಅಲ್ಲಿ ಎಷ್ಟು ಕುಣಿದರೂ ಕುದುರೆ ಓಡುವುದು ನನ್ನ ತಲೆಯ ಮೇಲೆ, ನಿಮ್ಮ ತಲೆಯ ಮೇಲಲ್ಲ. ನಿಮ್ಮ ಹೂಕುಂಡಗಳಿಗೆ ನೀರನ್ನೂ ಅವಳೇ ಹಾಕುತ್ತಾಳೆ.

ನಿನ್ನೆ ಹೊಸ ಕನ್ನಡಕ ಹಾಕಿಕೊಂಡು ಕಿಟಕಿಯಿಂದ ಇಣುಕಿದವಳು, ಗೇಟಿನ ಬಳಿ ನಿಂತಿದ್ದ ನಿಮ್ಮನ್ನು ನೋಡಿ ಕೂಗಿದಳು: "ಅಮ್ಮಾ, ಬೇಗ ಬಾ! ಓನರ್ ತಾತ ನಗ್ತಾರೆ!"

ಆ ನಗು ಇರುವಾಗಲೇ ಕೇಳಿಬಿಡೋಣವೆಂದು ಬರೆದೆ. ಬೀಗದ ಕೈಯನ್ನು ಪತ್ರ ತಂದವಳ ಹತ್ತಿರವೇ ಕೊಡಿ. ಅವಳು ನಿಮ್ಮ ಮುಖವನ್ನೇ ನೋಡುತ್ತಾ ನಿಂತಿರುತ್ತಾಳೆ.

ಇಂತಿ,
ಮೇಲಿನ ಮನೆಯವಳು