ಜಸುಬೆನ್ ಮನೆಯ ಮೆಂತ್ಯದುಂಡೆ

ಆಣಂದ್, ಜನವರಿ 9, ಗುರುವಾರ

ಶುಗರ್‌ಗೆಂದು ನಾನು ಮಾಡಿದ ಮೆಂತ್ಯ, ಚಕ್ಕೆ, ಜೀರಿಗೆಯ ಪುಡಿಯನ್ನು ಕಾಲೇಜಿನ ಪ್ರಯೋಗಕ್ಕಾಗಿ ಎರಡು ತಿಂಗಳು ತಿಂದವರಲ್ಲಿ ಜಸುಬೆನ್ ಒಬ್ಬರಿಗೆ ಮಾತ್ರ ಶುಗರ್ ಏರುತ್ತಲೇ ಇತ್ತು. ಇವತ್ತು ಅವರ ಮನೆಗೇ ಹೋಗಿ ಡಬ್ಬಿ ತೆರೆದೆ. ಒಳಗೆ ಪುಡಿಯೇ ಇಲ್ಲ, ಬರೀ ಉಂಡೆಗಳು!

"ಕಹಿ ಅಂತ ಒಂಚೂರು ಬೆಲ್ಲ, ತುಪ್ಪ ಹಾಕ್ದೆ ಕಣಮ್ಮ. ಚಳಿಗಾಲದಲ್ಲಿ ಮೆಂತ್ಯಾನ ಯಾರಾದ್ರೂ ಬರೀ ಪುಡಿ ತಿಂತಾರಾ? ಕಾಲೇಜಲ್ಲಿ ಪಾಠ ಮಾಡ್ತೀಯ, ಇಷ್ಟೂ ಗೊತ್ತಿಲ್ವಾ?"

ಬೈಯಲೆಂದು ಬಾಯಿ ತೆರೆದೆ. ತೆರೆದ ಬಾಯಿಗೇ ಒಂದು ಉಂಡೆ ತುರುಕಿದರು.

ಅದೇ ರುಚಿ. ಶುಗರ್ ಇದ್ದ ಅಮ್ಮ ಡಾಕ್ಟರ ಕಣ್ಣು ತಪ್ಪಿಸಿ ಹಿತ್ತಾಳೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ ಉಂಡೆ. "ಔಷಧಿ ಕಣೇ ಇದು" ಎನ್ನುತ್ತಿದ್ದಳು. ಅವಳು ಹೋಗಿ ಹನ್ನೊಂದು ಚಳಿಗಾಲ ಕಳೆದವು. ಈ ಪುಡಿಯ ಹುಚ್ಚು ಹಿಡಿದದ್ದೂ ಅವಳಿಂದಲೇ.

ನಾಳೆ ಪ್ರಯೋಗದ ಪಟ್ಟಿಯಿಂದ ಜಸುಬೆನ್ ಹೆಸರು ಹೊಡೆದುಹಾಕಬೇಕು. ಬರುವಾಗ ಅವರು ಕಟ್ಟಿಕೊಟ್ಟ ಇನ್ನೊಂದು ಉಂಡೆ ಮೇಜಿನ ಮೇಲಿದೆ. ನನ್ನ ಶುಗರೂ ಇನ್ನೂರು ದಾಟಿದೆ, ಆದರೂ ಅರ್ಧ ಮಾತ್ರ...