ಹರೀಶನ ಹದಿನಾಲ್ಕು ಚುಚ್ಚುಮದ್ದು

ಪ್ರೀತಿಯ ಗಂಗಕ್ಕ,

ಕ್ಷೇಮವೇ ಎಂದು ಕೇಳುವುದು ವಾಡಿಕೆ. ಆದರೆ ನೀವಿರುವ ಕಡೆ ಜ್ವರ, ನೆಗಡಿ, ತಿಂಗಳ ವರದಿ ಯಾವುದೂ ಇರಲಾರದು, ಹಾಗಾಗಿ ಕೇಳುವುದಿಲ್ಲ. ನಾನಂತೂ ಕ್ಷೇಮ. ಮಂಡಿನೋವು ಒಂದಿದೆ, ನಿವೃತ್ತಿಗೆ ಇನ್ನೆರಡು ವರ್ಷವಿದೆ, ಎರಡರಲ್ಲಿ ಯಾವುದು ಮೊದಲು ನನ್ನನ್ನು ಮನೆಗೆ ಕಳಿಸುತ್ತದೋ ನೋಡಬೇಕು. ಈಗ ಬರೆಯುತ್ತಿರುವುದು ತಪ್ಪೊಪ್ಪಿಕೊಳ್ಳುವುದಕ್ಕೆ. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ನಿಮ್ಮ ಗುಟ್ಟೊಂದನ್ನು ಹೋದ ತಿಂಗಳು ಬಿಟ್ಟುಕೊಟ್ಟೆ. ಅದೂ ನಿಮ್ಮ ಮಗನ ಮುಂದೆಯೇ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ನೀವು ಇಲಾಖೆಯ ಯಾವ ಸುತ್ತೋಲೆಯನ್ನೂ ಪೂರ್ತಿ ಓದಿದವರಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಿದೆಯೇ? ಕೊಡ್ಲಿಪೇಟೆಯಲ್ಲಿ ಬಸ್ಸು ಹಿಡಿದು, ಇಳಿದು, ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳ ಕಡೆ ನಡೆದೆವು. ಲಸಿಕೆ ಹಾಕುವ ನರ್ಸಮ್ಮಂದಿರ ಬಿಳಿ ಸೀರೆ ಕಾಫಿ ಗಿಡಗಳ ನಡುವೆ ಕಂಡದ್ದೇ ತಡ, ಲೈನಿನಲ್ಲಿ ಒಂದು ಮಗುವೂ ಇಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ಹಗ್ಗದ ಮೇಲೆ ಕೂಸಿನ ಬಟ್ಟೆ ಒದ್ದೆಯಿದೆ, ಕೂಸು ಮಾತ್ರ ಮಾಯ. ಒಬ್ಬಳಂತೂ "ನಂಗೆ ಮಕ್ಳೇ ಆಗಿಲ್ಲ ನರ್ಸಮ್ಮ" ಎಂದು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಅವಳ ಹಿಂದಿದ್ದ ಕಾಫಿ ಬುಟ್ಟಿ ಸೀನಿತು. ನೀವು ನಗಲಿಲ್ಲ. ಬುಟ್ಟಿಯ ಮೇಲಿನ ಗೋಣಿ ಸರಿಸಿ, "ಆಯ್ತು ಬುಡವ್ವ, ಬುಟ್ಟಿಗೇ ಚುಚ್ತೀನಿ" ಎಂದಿರಿ.

ಈಗ ನೀವು ಬಂದು ನೋಡಬೇಕಿತ್ತು. ಅದೇ ಲೈನು, ಆದರೆ ಅಲ್ಲಿರುವವರು ಹೆಚ್ಚಿನಂಶ ಅಸ್ಸಾಮಿನಿಂದ ಬಂದವರು. ನಾನು ಜೀಪಿನಿಂದ ಇಳಿಯುವ ಮೊದಲೇ ತಾಯಂದಿರು ಕಾರ್ಡು ಹಿಡಿದು ಸಾಲಾಗಿ ನಿಂತಿರುತ್ತಾರೆ. ಕಾರ್ಡು ಕಳೆದುಹೋಗಿದ್ದರೆ ಮೊಬೈಲಿನಲ್ಲಿ ಅದರ ಫೋಟೊ ಇರುತ್ತದೆ. ಮೊನ್ನೆ ಲಸಿಕೆಯ ಐಸ್ ಡಬ್ಬಿ ಬರುವುದು ತಡವಾಯಿತೆಂದು ಒಬ್ಬಳು ನನ್ನನ್ನೇ ಗದರಿಕೊಂಡಳು. "ದೀದಿ, ಒಂಬತ್ತೂವರೆ ಬೋಲಾ. ಈಗ ಟೈಮ್ ಎಷ್ಟು? ನಮ್ದು ಅರ್ಧ ದಿನ ಕೆಲ್ಸ ಹೋಯ್ತು." ನನಗೆ ಸಿಟ್ಟು ಬರಲಿಲ್ಲ ಅಕ್ಕ. ಲಸಿಕೆ ತಡವಾಯಿತೆಂದು ಲೈನಿನಲ್ಲಿ ಬೈಸಿಕೊಳ್ಳುವ ಕಾಲ ಬರುತ್ತದೆಂದು ನಾವು ಕನಸಾದರೂ ಕಂಡಿದ್ದೆವೇ? ಮನೆಗೆ ಬಂದು ಗಂಡನಿಗೆ ಹೇಳಿಕೊಂಡು ಖುಷಿಪಟ್ಟೆ.

ಹಾಗೆಂದು ಎಲ್ಲ ಮುಗಿದಿಲ್ಲ. ಬಾಕಿ ಪಟ್ಟಿಯಲ್ಲಿ ಮೂರು ಮಕ್ಕಳ ಹೆಸರು ಉಳಿದಿತ್ತು. ಎರಡು ಮಕ್ಕಳ ತಂದೆತಾಯಿ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಕೂಡಲೇ ಗಂಟುಮೂಟೆ ಕಟ್ಟಿ ವಿರಾಜಪೇಟೆ ಕಡೆಯ ಯಾವುದೋ ಎಸ್ಟೇಟಿಗೆ ಹೋಗಿಬಿಟ್ಟಿದ್ದರು, ಫೋನ್ ನಂಬರೂ ಬದಲಾಗಿತ್ತು. ಆ ಕಡೆಯ ಸಿಸ್ಟರಿಗೆ ಹೇಳಿ ಹುಡುಕಿಸಿದೆ. ಒಂದು ಸಿಕ್ಕಿತು, ಇನ್ನೊಂದನ್ನು ಇನ್ನೂ ಹುಡುಕುತ್ತಿದ್ದಾರೆ. ಮೂರನೆಯ ಹೆಸರು ಓದಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಇಂಚರ, ಹನ್ನೊಂದು ತಿಂಗಳು, ತಂದೆ ಹರೀಶ. ನಿಮ್ಮ ಮೊಮ್ಮಗಳು, ಅಕ್ಕ. ನೀವು ಕಣ್ಣಿನಿಂದ ನೋಡದ ಮೊಮ್ಮಗಳು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಹಾಕಿದ್ದು ಬಿಟ್ಟರೆ ಮೈಗೆ ಒಂದೂ ಲಸಿಕೆ ಬಿದ್ದಿರಲಿಲ್ಲ. ಸೊಸೆ ಮಮತ ಹೆರಿಗೆಗೆ ವಿರಾಜಪೇಟೆಯ ತವರಿಗೆ ಹೋಗಿದ್ದಳು, ಅಲ್ಲಿ ಕೇಳಿದವರಿಗೆ 'ಊರಲ್ಲಿ ಹಾಕಿಸುತ್ತೇವೆ' ಎಂದಿದ್ದಾರೆ, ಇಲ್ಲಿ ಕೇಳಿದರೆ 'ಅಲ್ಲೇ ಹಾಕಿಸಿದೆವು' ಎಂದಿದ್ದಾರೆ. ಇಡೀ ಹೋಬಳಿಯ ಮಕ್ಕಳನ್ನು ಬುಟ್ಟಿಯಿಂದ ಎತ್ತಿ ಎತ್ತಿ ಚುಚ್ಚಿದ ಗಂಗಕ್ಕನ ಮನೆಯಲ್ಲೇ...

ಅದೇ ದಿನ ಮಧ್ಯಾಹ್ನ ಹೋದೆ. ನಿಮ್ಮ ಹರೀಶನ ಧೈರ್ಯ ನಿಮಗೆ ಗೊತ್ತಲ್ಲ. ಊರಿನ ಕಾಫಿ ಹಣ್ಣು ಸುಲಿಯುವ ಪಲ್ಪರ್, ಗಿಡ ಕತ್ತರಿಸುವ ಮೆಷಿನ್ನು ಎಲ್ಲ ಅವನೇ ರಿಪೇರಿ ಮಾಡುವುದು. ಕಾಡಾನೆ ತೋಟದಲ್ಲಿ ನಿಂತಿದೆ ಎಂದರೂ 'ಮೋಟಾರ್ ಆಫ್ ಮಾಡಿ ಬರ್ತೀನಿ ಇರಿ' ಎಂದು ಹೋದ ಮಹಾರಾಯ ಅವನು. ನನ್ನ ಕೈಯಲ್ಲಿದ್ದ ಚೀಲ ನೋಡಿದ ತಕ್ಷಣ ಬಾಗಿಲಿಗೆ ಅಡ್ಡ ನಿಂತ.

"ಬನ್ನಿ ಚಿಕ್ಕಮ್ಮ, ಕೂತ್ಕಳಿ. ಕಾಫಿ ಕುಡೀರಿ, ಊಟ ಮಾಡಿ. ಇಂಜೆಕ್ಷನ್ ವಿಷ್ಯ ಒಂದ್ ಬ್ಯಾಡ."

"ಬೇರೆ ವಿಷ್ಯಕ್ಕೆ ಬಂದಿಲ್ಲ ಕಣೋ ನಾನು."

"ಮಗು ಚೆನ್ನಾಗೇ ಐತಲ್ಲ ಚಿಕ್ಕಮ್ಮ, ನೋಡಿ."

ಚೆನ್ನಾಗೇ ಇತ್ತು. ಇರುವ ಎರಡು ಹಲ್ಲಿನಲ್ಲಿ ನನ್ನ ಚೀಲದ ಪಟ್ಟಿ ಕಚ್ಚುತ್ತಿತ್ತು. ಮೂಗು ನಿಮ್ಮದೇ, ಪಾಪ. ಹರೀಶ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ಯಾವನೋ ಬಿಳಿ ಕೋಟಿನವನು ಕಾರಿನೊಳಗೆ ಕೂತು, ಲಸಿಕೆ ಯಾಕೆ ಬೇಡ ಎಂದು ಪಾಠ ಹೇಳುತ್ತಿದ್ದ. ಪುಣ್ಯಾತ್ಮ ಸೀಟ್ ಬೆಲ್ಟ್ ಮಾತ್ರ ಮರೆಯದೆ ಹಾಕಿಕೊಂಡಿದ್ದ. ಅದನ್ನೇ ಹರೀಶನಿಗೆ ತೋರಿಸಿದೆ. ಅವನಿಗೆ ನಗು ಬಂತು, ಆದರೂ ನುಂಗಿಕೊಂಡ.

"ಆಚೆ ಊರಿಗೆ ದಡಾರ ಬಂದೈತೆ ಹರೀಶ. ಇಬ್ರು ಮಕ್ಳು ಆಸ್ಪತ್ರೇಲಿ ಅವ್ರೆ. ಒಂದಕ್ಕೆ ಉಸ್ರಾಡಕ್ಕೆ ಆಗ್ತಿಲ್ಲ."

ಅವನು ಮಗಳನ್ನು ಎತ್ತಿಕೊಂಡು ಎದೆಗೊತ್ತಿಕೊಂಡ. "ಬ್ಯಾಡ ಚಿಕ್ಕಮ್ಮ" ಎಂದ. ನನಗೂ ಭಯವಾಯಿತು ಅಕ್ಕ. ದಡಾರ ಎಂದರೆ ಏನೆಂದು ಈಗಿನವರು ನೋಡಿಲ್ಲ. ನೀವೂ ನಾನೂ ನೋಡಿದ್ದೇವೆ. ಒಂದು ವರ್ಷ ಒಂದೇ ಲೈನಿನಲ್ಲಿ... ಬೇಡ, ಅದನ್ನು ಬರೆಯುವುದಿಲ್ಲ.

ಮಮತ ಗೇಟಿನವರೆಗೆ ಬಂದಳು. ಹಿಂದೆ ತಿರುಗಿ ನೋಡಿಕೊಂಡು, "ಸಿಸ್ಟರ್, ಆ ವಿಡಿಯೊ ಎಲ್ಲ ಸುಮ್ನೆ ನೆವ. ಇವರಿಗೆ ಅತ್ತೆ ಮೇಲೆ ಸಿಟ್ಟು" ಎಂದಳು. "ಚಿಕ್ಕೋರಿದ್ದಾಗ ಲೈನ್ ಲೈನಿಗೆ ಎತ್ಕೊಂಡು ಹೋಗಿ, ಜನರ ಮುಂದೆ ನಿಲ್ಸಿ ಚುಚ್ಚಿದ್ರಂತೆ. ಹದಿನಾಲ್ಕು ಇಂಜೆಕ್ಷನ್ ಅಂತೆ, ಎಣಿಸಿ ಇಟ್ಕೊಂಡಿದಾರೆ. ನನ್ನ ಮಗಳಿಗೆ ಆ ಗತಿ ಬೇಡ ಅಂತಾರೆ. ಅವರು ಕೆಲ್ಸಕ್ಕೆ ಹೋದಾಗ ನಾನೇ ತಂದು ಹಾಕಿಸ್ಲಾ?"

ಬೇಡ ಎಂದೆ. ಅಪ್ಪನ ಕಣ್ಣು ತಪ್ಪಿಸಿ ಒಂದು ಡೋಸ್ ಹಾಕಬಹುದು, ಎರಡನೆಯದಕ್ಕೆ ಬಾಗಿಲು ಮುಚ್ಚಿಹೋಗುತ್ತದೆ. ಇದು ನೀವೇ ಕಲಿಸಿದ್ದು.

ಹದಿನಾಲ್ಕು ಎಂಬ ಲೆಕ್ಕ ಸರಿಯೇ ಇರಬೇಕು, ನಮ್ಮ ಪಾಲಿಗಿದ್ದ ಲೈನುಗಳೂ ಹದಿನಾಲ್ಕೇ ತಾನೆ? ಮೆಟ್ಟಿಲ ಮೇಲೆ ನಿಂತು, ನಾಲ್ಕು ವರ್ಷದ ಹರೀಶನನ್ನು ಸೊಂಟದಲ್ಲಿ ಕೂರಿಸಿಕೊಂಡು ನೀವು ಭಾಷಣ ಶುರು ಮಾಡುತ್ತಿದ್ದಿರಿ. "ನೋಡ್ರವ್ವ, ನನ್ ಹೊಟ್ಟೇಲಿ ಹುಟ್ಟಿದ್ ಮಗ ಇವ್ನು. ಮೊದ್ಲು ಇವ್ನಿಗೇ ಚುಚ್ತೀನಿ. ಇವ್ನು ಸತ್ರೆ ನೀವ್ಯಾರೂ ಹಾಕುಸ್ಕಬ್ಯಾಡಿ." ಅಲ್ಲ ಗಂಗಕ್ಕ, ಸೊಂಟದಲ್ಲಿದ್ದ ಹುಡುಗನಿಗೂ ಕಿವಿ ಇದೆ ಎಂದು ಒಮ್ಮೆಯಾದರೂ ಹೊಳೆಯಿತೇ? ಆಮೇಲೆ ಅವನ ಮುಖವನ್ನು ಹೆಗಲಿಗೊತ್ತಿ, ಸ್ಪಿರಿಟ್ ಹತ್ತಿ ಉಜ್ಜಿ, ಗಾಜಿನ ಸಿರಿಂಜನ್ನು ಬಿಸಿಲಿಗೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಿರಿ. ಸೂಜಿ ಮಾತ್ರ ನನ್ನ ಸೆರಗಿನ ಅಡಿಯ ತಟ್ಟೆಯಲ್ಲಿರುತ್ತಿತ್ತು. ಸಿರಿಂಜಿನ ಬರೀ ಮೂತಿಯನ್ನು ತೋಳಿಗೆ ಒತ್ತಿ, ಅದರ ಪಕ್ಕದಲ್ಲೇ ಉಗುರಿನಿಂದ ಒಂದು ಚಿವುಟು. ಅಳದಿದ್ದರೆ ಕಡ್ಲೆಮಿಠಾಯಿ. ಹುಡುಗ ತುಟಿ ಕಚ್ಚಿ ನಿಲ್ಲುತ್ತಿದ್ದ, ಹೆಂಗಸರು ಮಕ್ಕಳನ್ನು ಬುಟ್ಟಿಯಿಂದ ಹೊರಗೆ ತೆಗೆಯುತ್ತಿದ್ದರು.

ಅವನಿಗೆ ಹಾಕಬೇಕಾದ ಅಸಲಿ ಲಸಿಕೆಗಳನ್ನೆಲ್ಲ ಹಾಕಿದ್ದು ನಾನು. ಮೊದಲ ಸಲ ಅವನು ಮೂರು ತಿಂಗಳ ಕೂಸು, ನಾನು ಕೆಲಸಕ್ಕೆ ಸೇರಿ ನಾಲ್ಕು ದಿನ. ಅಲ್ಲಿಯವರೆಗೆ ನಾನು ಸರಿಯಾಗಿ ಚುಚ್ಚಿದ್ದೆಂದರೆ ತರಬೇತಿಯಲ್ಲಿ ಕೊಟ್ಟ ಕಿತ್ತಳೆ ಹಣ್ಣಿಗೆ. ನೀವು ಮೂರು ಸಲ ಸಿರಿಂಜು ಎತ್ತಿದಿರಿ, ಮೂರು ಸಲ ಇಳಿಸಿದಿರಿ. "ನೀನೇ ಹಾಕೆ ರತ್ನ" ಎಂದು ಹಿತ್ತಲಿಗೆ ಓಡಿ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತಿರಿ. ಕೂಸು ಅತ್ತು ಸುಮ್ಮನಾದ ಮೇಲೂ ನೀವು ಒಳಗೆ ಬರಲಿಲ್ಲ. ಆಮೇಲೆ ಒದ್ದೆ ತಲೆಯಲ್ಲೇ ನನ್ನಿಂದ ಭಾಷೆ ತೆಗೆದುಕೊಂಡಿರಿ. "ನರ್ಸಮ್ಮಂಗೇ ತನ್ ಮಗೀಗೆ ಚುಚ್ಚಕ್ಕೆ ಹೆದ್ರಿಕೆ ಅಂತ ಗೊತ್ತಾದ್ರೆ ಲೈನಲ್ಲಿ ಒಬ್ಳೂ ಬಾಗ್ಲು ತೆಗಿಯಲ್ಲ. ಸಾಯೋಗಂಟ ಯಾರ್ಗೂ ಹೇಳ್‌ಬ್ಯಾಡ." ಯಾರು ಸಾಯುವವರೆಗೆ ಎಂದು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಹೋಗಿ ನಾಲ್ಕು ವರ್ಷವಾಯಿತಲ್ಲ, ಅವಧಿ ಮುಗಿಯಿತೆಂದು ನಾನೇ ತೀರ್ಮಾನ ಮಾಡಿಕೊಂಡೆ.

ಸುಮ್ಮನೆ ಬಾಯಿ ಬಿಟ್ಟೆ ಎಂದುಕೊಳ್ಳಬೇಡಿ. ಮೊದಲು ಆಶಾ ಕಾರ್ಯಕರ್ತೆಯನ್ನು ಕಳಿಸಿದೆ, ಹರೀಶ ಅವಳಿಗೆ ಕಾಫಿ ಕೊಟ್ಟು ಕಳಿಸಿದ. ಡಾಕ್ಟರಿಂದ ಫೋನ್ ಮಾಡಿಸಿದೆ, ಅವರ ಮನೆಯ ಮಿಕ್ಸಿ ರಿಪೇರಿ ಮಾಡಿಕೊಡುವುದಾಗಿ ಒಪ್ಪಿಕೊಂಡು ಫೋನ್ ಇಟ್ಟ. ಆಚೆ ಊರಿನಲ್ಲಿ ಮೂರನೆಯ ಮಗುವಿಗೆ ದಡಾರ ಎಂದು ಸುದ್ದಿ ಬಂದ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ. ನೇರ ಅವನ ಶೆಡ್ಡಿಗೆ ಹೋದೆ. ಪಲ್ಪರ್ ಬಿಚ್ಚಿ ಹರಡಿಕೊಂಡು ಕೂತಿದ್ದ.

"ಹರೀಶ, ನಿಮ್ಮವ್ವ ನಿಂಗೆ ಜೀವಮಾನದಲ್ಲಿ ಒಂದ್ ಇಂಜೆಕ್ಷನ್ನೂ ಹಾಕಿಲ್ಲ ಕಣೋ."

"ಮತ್ತೆ ಆ ಹದಿನಾಲ್ಕು?"

"ಚಿವುಟಿದ್ದು."

"ಚಿವುಟಿದ್ದಾ?"

"ಹೂಂ. ಉಗುರಲ್ಲಿ."

ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ನಾನು ಎಲ್ಲವನ್ನೂ ಹೇಳಿದೆ, ಸೂಜಿ, ತಟ್ಟೆ, ನಲ್ಲಿ, ಒದ್ದೆ ತಲೆ. ಕೇಳಿಸಿಕೊಂಡು ತನ್ನ ತೋಳನ್ನು ನೋಡಿಕೊಂಡ. "ಇಷ್ಟು ವರ್ಷ ಬರೀ ಚಿವುಟಿದ್ದಕ್ಕಾ ನಾನು ಅವ್ವನ ಮೇಲೆ ಮುನಿಸ್ಕಂಡಿದ್ದು?" ಎಂದ. ಮರುಕ್ಷಣ ಬೇರೆ ಸಿಟ್ಟು ಬಂತು. "ಅಂದ್ರೆ ಇಡೀ ಲೈನಿಗೆ ಸುಳ್ಳು ಹೇಳಿದ್ಲು."

"ನಿಂಗೆ ಲಸಿಕೆ ಹಾಕಿದ್ದು ನಿಜ. ಹಾಕಿದ ಕೈ, ಹಾಕಿದ ಜಾಗ ಬ್ಯಾರೆ ಅಷ್ಟೆ."

"ಅವ್ವಂಗೆ ಅಷ್ಟೊಂದು ಹೆದ್ರಿಕೆನಾ?"

"ಊರಿಗೆಲ್ಲ ಚುಚ್ಚಿದ್ ಕೈ ಕಣೋ. ನಿನ್ ತೊಡೆ ಕಂಡ್ರೆ ಮಾತ್ರ ಅದುರ್ತಿತ್ತು."

ಅವನು ಸ್ಪ್ಯಾನರನ್ನು ಮತ್ತೆ ಎತ್ತಿಕೊಂಡ. ಗುರುವಾರ ಒಂಬತ್ತೂವರೆಗೆ ಲಸಿಕೆ ಎಂದಷ್ಟೇ ಹೇಳಿ ಎದ್ದು ಬಂದೆ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ ಎಂದರೆ ನಂಬುತ್ತೀರಾ? ನಿಮ್ಮ ಮಾತು ಮುರಿದೆ, ಅದೂ ದಂಡವಾಗಿಬಿಟ್ಟರೆ...

ಗುರುವಾರ ನಾನು ಆರೋಗ್ಯ ಕೇಂದ್ರದ ಬೀಗ ತೆಗೆಯಲು ಹೋದಾಗ ಅವರು ಮೂವರೂ ಆಗಲೇ ಜಗಲಿಯಲ್ಲಿದ್ದರು. ಹರೀಶ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮಗಳನ್ನು ತಾನೇ ಹಿಡಿದುಕೊಳ್ಳುತ್ತೇನೆಂದು ಹಟ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ನಾನು ಎರಡು ತೊಡೆಗೆ ಒಂದೊಂದು, ಎರಡು ತೋಳಿಗೆ ಒಂದೊಂದು, ಬಾಯಿಗೆ ಹನಿ, ಎಲ್ಲ ಮುಗಿಸಿದೆ. ಇಂಚರ ಕಿರುಚಿ, ನನ್ನ ಮುಖವನ್ನು ಚೆನ್ನಾಗಿ ಗುರುತಿಟ್ಟುಕೊಂಡು, ಸುಮ್ಮನಾಗಿ ಅಮ್ಮನ ಬಳೆ ಕಚ್ಚತೊಡಗಿದಳು. ಹರೀಶನ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಯಾವಾಗ ಶುರು ಮಾಡ್ತೀರಾ ಚಿಕ್ಕಮ್ಮ?"

"ಮುಗ್ದು ಐದ್ ನಿಮಿಷ ಆಯ್ತು. ಮಗುನ ಬುಡು, ಉಸ್ರಾಡ್ಲಿ."

ಈಗ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಮಗುವನ್ನು ಅಲ್ಲೇ ಕೂರಿಸಿಕೊಂಡು ನೋಡಬೇಕು. ಹರೀಶ ಬೆಂಚಿನ ಮೇಲೆ ಕೂತವನು, ನಾನು ಬೇರೆ ಮಕ್ಕಳ ಕಾರ್ಡು ಬರೆಯುತ್ತಿದ್ದರೂ ಕೇಳದೆ, "ಇನ್ನೇನಾರ ಹೇಳಿ ಚಿಕ್ಕಮ್ಮ, ಅವ್ವಂದು" ಎಂದ. ನಿಮ್ಮ ತಿಥಿ ಕಾರ್ಯವನ್ನೆಲ್ಲ ಒಂದು ಹನಿ ಕಣ್ಣೀರಿಲ್ಲದೆ ಮುಗಿಸಿದ, ಆಮೇಲೆ ನಿಮ್ಮ ಸುದ್ದಿಯನ್ನೇ ಎತ್ತದಿದ್ದ ಹುಡುಗ ಅಕ್ಕ ಇವನು. ರಜೆ ಕೊಡದ ಸಾಹೇಬರ ಸ್ಕೂಟರಿನ ಗಾಳಿ ಬಿಟ್ಟು, ಆಮೇಲೆ ನೀವೇ 'ಅಯ್ಯೋ ಪಾಪ' ಎಂದು ಪಂಪು ತಂದುಕೊಟ್ಟ ಕತೆ ಹೇಳಿದೆ. ಬೆಂಚು ಅಲ್ಲಾಡುವ ಹಾಗೆ ನಕ್ಕ. ನಗುತ್ತ ನಗುತ್ತಲೇ ಮಗಳ ಟೋಪಿಯನ್ನು ತೆಗೆದು ಮುಖ ಒರೆಸಿಕೊಂಡ. ಅರ್ಧ ಗಂಟೆ ಯಾವಾಗಲೋ ಆಗಿಹೋಗಿತ್ತು, ಅವನು ಏಳಲಿಲ್ಲ. ಇನ್ನೊಂದು ಹೇಳಿ ಎಂದ.

ಹೇಳಲಿಲ್ಲ. ನಾಲ್ಕು ವಾರ ಬಿಟ್ಟು ಮಗುವನ್ನು ಕರೆದುಕೊಂಡು ಬಾ, ಆಗ ಹೇಳುತ್ತೇನೆ ಎಂದೆ. ಅದಾದ ನಾಲ್ಕು ವಾರಕ್ಕೆ ಮತ್ತೊಮ್ಮೆ ಇದೆ, ಒಂದೂವರೆ ವರ್ಷಕ್ಕೆ ಇನ್ನೊಮ್ಮೆ ಇದೆ, ಐದು ತುಂಬಿದ ಮೇಲೂ ಒಂದಿದೆ. ಅಷ್ಟು ಹೊತ್ತಿಗೆ ನಾನು ನಿವೃತ್ತಳಾಗಿರುತ್ತೇನೆ, ಕೋಲೂರಿಕೊಂಡಾದರೂ ಬಂದು ಆ ಬೆಂಚಿನ ಮೇಲೆ ಕೂರುತ್ತೇನೆ. ನಿಮ್ಮ ಮೊಮ್ಮಗಳ ಕೊನೆಯ ಡೋಸ್ ಮುಗಿಯುವ ತನಕ ಒಂದೊಂದು ಸಲಕ್ಕೆ ನಿಮ್ಮ ಒಂದೊಂದು ಗುಟ್ಟು ಹೊರಗೆ ಬರುತ್ತದೆ. ಒಪ್ಪಿಗೆ ಕೇಳುತ್ತಿಲ್ಲ ಅಕ್ಕ, ತಿಳಿಸುತ್ತಿದ್ದೇನೆ ಅಷ್ಟೆ. ಅವನಿಗೆ ಅವನ ಅವ್ವ ಬೇಕಾಗಿದ್ದಾಳೆ.

ನಿಮ್ಮ
ರತ್ನ